ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಹೂ ಕೊಡುವ ಕ್ಯಾಮೆಲಿಯಾ: ಯಾವ ತಳಿ, ಯಾವ ಜಾಗ, ಎಂಥ ನೀರು?

ಸಂಪಿಗೆಮರ (ರೆಡಿಂಗ್, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ಚಳಿಗಾಲದಲ್ಲಿ ಹೂ ಬಿಡುವ ಕ್ಯಾಮೆಲಿಯಾ ಗಿಡವೊಂದನ್ನು ಬರುವ ವಸಂತದಲ್ಲಿ ನೆಡಬೇಕೆಂದಿದ್ದೇನೆ. ಬೆಳೆಸಿ ಅನುಭವವಿರುವವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ನಮ್ಮ ಹಿತ್ತಿಲಿನಲ್ಲಿ ಜಪೋನಿಕಾ ಜಾತಿಯ ಕ್ಯಾಮೆಲಿಯಾ ಈಗಾಗಲೇ ಒಂದು ದೊಡ್ಡ ಕುಂಡದಲ್ಲಿದೆ, ಮಾರ್ಚ್ ತಿಂಗಳಲ್ಲಿ ಮೈತುಂಬ ಅರಳುತ್ತದೆ. ಆದರೆ ಮಾರ್ಚ್ ಹೊತ್ತಿಗೆ ಇಲ್ಲಿ ಬೇರೆ ಹೂಗಳಿಗೂ ಕೊರತೆಯಿರುವುದಿಲ್ಲ. ಈ ದೇಶದಲ್ಲಿ ಹೂವಿಗೆ ನಿಜವಾದ ಬರ ಬರುವುದು ದೀಪಾವಳಿಯಿಂದ ಸಂಕ್ರಾಂತಿಯವರೆಗೆ. ಆ ದಿನಗಳಲ್ಲಿ ದೇವರ ಮುಂದಿಡಲು ನಮ್ಮ ಅಂಗಳದ್ದೇ ನಾಲ್ಕು ಹೂ ಸಿಗಬೇಕೆಂಬುದು ನನ್ನ ಆಸೆ.

ತೊಡಕುಗಳು ಎರಡು. ಮೊದಲನೆಯದಾಗಿ, ನಮ್ಮ ಮಣ್ಣಿನಲ್ಲಿ ಅಗೆದ ಕಡೆಯಲ್ಲೆಲ್ಲ ಸುಣ್ಣಕಲ್ಲಿನ ಬಿಳಿ ಚೂರುಗಳು ಸಿಗುತ್ತವೆ, ನಲ್ಲಿಯ ನೀರೂ ಕೆಟಲಿನಲ್ಲಿ ಬಿಳಿ ಪದರ ಕಟ್ಟುವಷ್ಟು ಗಡಸು. ಎರಡನೆಯದಾಗಿ, ಹತ್ತಿರದ ನರ್ಸರಿಯಲ್ಲಿ ವಿಚಾರಿಸಿದಾಗ ಕ್ಯಾಮೆಲಿಯಾ ನೆರಳಿನ ಗಿಡವೆಂದೂ ಉತ್ತರ ದಿಕ್ಕಿನ ಗೋಡೆಯ ಬುಡದಲ್ಲಿ ನೆಡಬೇಕೆಂದೂ ಹೇಳಿದರು. ಆದರೆ ಚಳಿಗಾಲದ ಜಾತಿಗೆ ಬಿಸಿಲು ಬೇಕೆಂದು ಬೇರೆಡೆ ಓದಿದ್ದೇನೆ. ನಮ್ಮಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ಬೀಳುವ, ಪಶ್ಚಿಮಕ್ಕೆ ಮುಖ ಮಾಡಿದ ಇಟ್ಟಿಗೆಯ ಗೋಡೆಯೊಂದಿದೆ. ಅಲ್ಲಿ ನೆಡಬಹುದೇ?

ನೀರಗಂಟಿ (ಸರ್ರೆ, ಇಂಗ್ಲೆಂಡ್)

ಸಂಪಿಗೆಮರ ಅವರೇ, ತಮ್ಮ ಪಶ್ಚಿಮದ ಗೋಡೆಯೇ ಸರಿಯಾದ ಜಾಗ. ನರ್ಸರಿಯವರು ಹೇಳಿದ್ದು ಜಪೋನಿಕಾಕ್ಕೆ ಹೊಂದುವ ಮಾತು. ತಾವು ಕೇಳುತ್ತಿರುವುದು ಸಸಾಂಕ್ವಾ ಜಾತಿಯ ಬಗ್ಗೆ, ಇವೆರಡರ ಸ್ವಭಾವ ಬೇರೆ ಬೇರೆ. ಜಪಾನಿನ ದಕ್ಷಿಣದ ಕ್ಯೂಷೂ, ಶಿಕೋಕು ದ್ವೀಪಗಳಿಂದ ಓಕಿನಾವಾದವರೆಗೆ ಕಾಡಿನಲ್ಲಿ ಬೆಳೆಯುವ ಗಿಡ ಸಸಾಂಕ್ವಾ. ಅಲ್ಲಿ ಅದನ್ನು ಸಜಾಂಕಾ ಎನ್ನುತ್ತಾರೆ. ಅಲ್ಲಿನ ಬೇಸಿಗೆ ಉದ್ದವಾದದ್ದು, ಬಿಸಿಯಾದದ್ದು, ಮಳೆಯಿಂದ ಕೂಡಿದ್ದು. ಗಿಡವು ವಸಂತದಲ್ಲಿ ಚಿಗುರಿ, ಆ ಚಿಗುರು ಬಲಿತ ಮೇಲೆ ಬೇಸಿಗೆಯ ಶಾಖದಲ್ಲಿ ಮೊಗ್ಗು ಕಟ್ಟಿ, ಅಕ್ಟೋಬರಿನಿಂದ ಅರಳತೊಡಗುತ್ತದೆ. ಇಂಗ್ಲೆಂಡಿನಲ್ಲಿ ಸಸಾಂಕ್ವಾ ಬೆಳೆಸಿದವರಲ್ಲಿ ಹಲವರು ಗಿಡ ಹಸಿರಾಗಿದೆ, ಹೂ ಮಾತ್ರ ಇಲ್ಲ ಎಂದು ದೂರುವುದಕ್ಕೆ ಕಾರಣ ಇಲ್ಲಿನ ಚಳಿಗಾಲವಲ್ಲ, ಇಲ್ಲಿನ ತಣ್ಣನೆಯ ಬೇಸಿಗೆ. ಉತ್ತರದ ಗೋಡೆಯ ನೆರಳಿನಲ್ಲಿ ಈ ಗಿಡ ಸಾಯುವುದಿಲ್ಲ, ಆದರೆ ಜುಲೈ, ಆಗಸ್ಟ್ ತಿಂಗಳುಗಳ ಶಾಖ ಸಾಲದೆ ಮೊಗ್ಗು ಕಟ್ಟುವುದಿಲ್ಲ. ಹಗಲಿನ ಬಿಸಿಯನ್ನು ಹೀರಿ ರಾತ್ರಿ ನಿಧಾನವಾಗಿ ಬಿಟ್ಟುಕೊಡುವ ಇಟ್ಟಿಗೆಯ ಗೋಡೆಯ ಮಗ್ಗುಲಿನಲ್ಲಿ ಅದೇ ಗಿಡ ತುಂಬ ಮೊಗ್ಗು ಹಿಡಿಯುತ್ತದೆ. ದಕ್ಷಿಣಕ್ಕೆ ಅಥವಾ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯಿದ್ದವರು ಅದನ್ನು ಸಸಾಂಕ್ವಾಕ್ಕೆ ಮೀಸಲಿಡಬೇಕು.

ಪೂರ್ವದ ಗೋಡೆ ಬೇಡವೆನ್ನಲು ಇನ್ನೊಂದು ಕಾರಣವಿದೆ. ರಾತ್ರಿಯ ಹಿಮಕ್ಕೆ ಹೆಪ್ಪುಗಟ್ಟಿದ ಮೊಗ್ಗಿನ ಮೇಲೆ ಬೆಳಗಿನ ಬಿಸಿಲು ನೇರವಾಗಿ ಬಿದ್ದರೆ ಅದು ತೀರ ಬೇಗ ಕರಗಿ ದಳಗಳು ಕಂದುತ್ತವೆ. ಪಶ್ಚಿಮದ ಗೋಡೆಯಲ್ಲಿ ಬಿಸಿಲು ಬರುವ ಹೊತ್ತಿಗೆ ಹಿಮ ತಾನಾಗಿಯೇ ಇಳಿದಿರುತ್ತದೆ.

ಮಣ್ಣಿನ ವಿಷಯದಲ್ಲಿ ರಾಜಿಗೆ ಅವಕಾಶವಿಲ್ಲ. ಕ್ಯಾಮೆಲಿಯಾಕ್ಕೆ ಬೇಕಾದದ್ದು 5ರಿಂದ 6.5ರೊಳಗಿನ ರಸಸಾರವಿರುವ (pH, ಮಣ್ಣಿನ ಆಮ್ಲ-ಕ್ಷಾರದ ಅಳತೆ) ಆಮ್ಲೀಯ ಮಣ್ಣು. ಸುಣ್ಣಕಲ್ಲಿನ ಚೂರುಗಳೇ ತುಂಬಿರುವ ನೆಲಕ್ಕೆ ಗಂಧಕ ಬೆರೆಸಿದರೆ ಆಮ್ಲೀಯವಾದೀತು ಎಂದು ಕೆಲವರು ಹೇಳುತ್ತಾರೆ, ಆದರೆ ಆ ಚೂರುಗಳು ಕರಗುತ್ತಲೇ ಹೋಗಿ ಆಮ್ಲವನ್ನು ಮತ್ತೆ ಮತ್ತೆ ತಟಸ್ಥಗೊಳಿಸುವುದರಿಂದ ಅದು ಮುಗಿಯದ ಕೆಲಸ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ನರಗಳು ಹಸಿರಾಗಿಯೇ ಉಳಿದು ನಡುವಿನ ಎಲೆಯ ಭಾಗ ಹಳದಿಯಾಗುತ್ತದೆ, ವರ್ಷದಿಂದ ವರ್ಷಕ್ಕೆ ಗಿಡ ಸೊರಗುತ್ತದೆ. ಆದ್ದರಿಂದ ತಾವು ನೆಲದ ಆಸೆ ಬಿಟ್ಟು, ಗೋಡೆಯ ಬುಡದಲ್ಲಿ ಕುಂಡವನ್ನೇ ಇಡುವುದು ಒಳ್ಳೆಯದು. ಆಮ್ಲಪ್ರಿಯ ಗಿಡಗಳಿಗೆಂದು ಇಲ್ಲಿ ಎರಿಕೇಶಿಯಸ್ ಕಾಂಪೋಸ್ಟ್ ಎಂಬ ಹೆಸರಿನಲ್ಲಿ ಮಾರುವ ಮಿಶ್ರಣಕ್ಕೆ ಪೈನ್ ತೊಗಟೆಯ ಸಣ್ಣ ಚೂರುಗಳನ್ನು ಸೇರಿಸಿದರೆ ನೀರು ನಿಲ್ಲದೆ ಬಸಿದುಹೋಗುತ್ತದೆ.

ನೀರಿಗೆ ಮಳೆನೀರಿನ ಪೀಪಾಯಿಯನ್ನೇ ನೆಚ್ಚಿಕೊಳ್ಳಿ. ಥೇಮ್ಸ್ ಕಣಿವೆಯ ನಲ್ಲಿ ನೀರಿನಲ್ಲಿರುವ ಸುಣ್ಣ ದಿನಗಳೆದಂತೆ ಕುಂಡದ ಮಣ್ಣಿನ ಆಮ್ಲೀಯತೆಯನ್ನು ಕಳೆಯುತ್ತದೆ. ಹಾಗೆಂದು ಪೀಪಾಯಿ ಬರಿದಾದಾಗ ಗಿಡವನ್ನು ಒಣಗಲು ಬಿಡಬಾರದು. ಕೆಲವು ವಾರ ನಲ್ಲಿ ನೀರು ಹಾಕಿದರೆ ಆಗುವ ಹಾನಿ ಸಣ್ಣದು, ಬೇಸಿಗೆಯಲ್ಲಿ ಬೇರು ಒಣಗಿದರೆ ಆಗುವ ಹಾನಿ ದೊಡ್ಡದು.

ಮಲೆಗಾಳಿ (ಸಿಯಾಟಲ್, ಅಮೆರಿಕ)

ನೀರಗಂಟಿಯವರ ಕೊನೆಯ ಮಾತಿಗೆ ನಾನು ಒತ್ತು ಕೊಡಬಯಸುತ್ತೇನೆ. ನಮ್ಮ ಊರಿನ ಮಣ್ಣು ಆಮ್ಲೀಯ, ನಲ್ಲಿಯ ನೀರು ಮೃದು, ಚಳಿಗಾಲ ಸೌಮ್ಯ. ಹೀಗಾಗಿ ಕ್ಯಾಮೆಲಿಯಾ ಇಲ್ಲಿ ತಾನಾಗಿಯೇ ಬೆಳೆಯುತ್ತದೆ ಎಂದು ಹೊಸಬರು ಭಾವಿಸುತ್ತಾರೆ. ಆದರೆ ವರ್ಷದ ಉಳಿದ ದಿನಗಳಲ್ಲಿ ಮಳೆಯ ಊರೆನಿಸಿಕೊಂಡ ಸಿಯಾಟಲಿನಲ್ಲಿ ಜುಲೈ, ಆಗಸ್ಟ್ ತಿಂಗಳುಗಳು ಬಹಳ ಒಣ. ಮೊಗ್ಗು ಕಟ್ಟುವುದೂ ಅದೇ ತಿಂಗಳುಗಳಲ್ಲಿ. ಬೇಸಿಗೆಯ ಒಣಗುವಿಕೆಯ ಫಲ ಆಗಲೇ ಕಣ್ಣಿಗೆ ಬೀಳದೆ ತಿಂಗಳುಗಳ ನಂತರ ಮೊಗ್ಗು ಉದುರುವುದರಲ್ಲಿ ಗೋಚರವಾಗುವುದರಿಂದ, ಜನರು ಚಳಿಯನ್ನೋ ಗೊಬ್ಬರವನ್ನೋ ದೂರುತ್ತಾರೆ. ನವೆಂಬರಿನಲ್ಲಿ ಮೊಗ್ಗು ಉದುರಿದರೆ ಆಗಸ್ಟಿನಲ್ಲಿ ನೀರು ಹೇಗೆ ಹಾಕಿದ್ದಿರಿ ಎಂದು ಮೊದಲು ಕೇಳಿಕೊಳ್ಳಬೇಕು.

ಬುಡದ ಮೇಲೆ ಪೈನ್ ತೊಗಟೆಯ ಅಥವಾ ಪೈನ್ ಸೂಜಿ ಎಲೆಗಳ ಹೊದಿಕೆ ಐದಾರು ಸೆಂಟಿಮೀಟರ್ ದಪ್ಪಕ್ಕೆ ಇರಲಿ, ಕಾಂಡಕ್ಕೆ ಮಾತ್ರ ತಾಗಿರಬಾರದು. ಕ್ಯಾಮೆಲಿಯಾದ ಬೇರುಗಳು ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ಬುಡದಲ್ಲಿ ಅಗೆಯುವುದು, ಕೆದಕುವುದು ಬೇಡ.

ತಳಿಯ ವಿಷಯದಲ್ಲಿ ಯೂಲ್‌ಟೈಡ್ ಎಂಬುದನ್ನು ಪರಿಗಣಿಸಿ. ಕ್ಯಾಲಿಫೋರ್ನಿಯಾದ ಆಲ್ಟಡೀನಾದ ನೂಚಿಯೋ ನರ್ಸರಿಯವರು ಹೊರತಂದ ತಳಿ ಇದು. ಕಡುಗೆಂಪು ಬಣ್ಣದ ಒಂಟಿ ಸುತ್ತಿನ ದಳಗಳು, ನಡುವೆ ಚಿನ್ನದ ಬಣ್ಣದ ಕೇಸರಗಳ ಗೊಂಚಲು, ನೆಟ್ಟಗೆ ಬೆಳೆಯುವ ಸ್ವಭಾವ. ಸುಮಾರು ಡಿಸೆಂಬರಿನಲ್ಲಿ ಅರಳುತ್ತದೆ. ನಮ್ಮಲ್ಲಿ ಚಳಿಗಾಲವಿಡೀ ಉಳಿಯುವ ಆನಾಸ್ ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಹಕ್ಕಿಗೆ ಆ ದಿನಗಳಲ್ಲಿ ಬೇರೆ ಮಕರಂದ ಸಿಗುವುದು ಕಷ್ಟ. ಅದು ಈ ಹೂಗಳಿಗೆ ಮತ್ತೆ ಮತ್ತೆ ಬರುವುದನ್ನು ನೋಡುವುದಕ್ಕಾಗಿಯೇ ಗಿಡವನ್ನು ಕಿಟಕಿಯ ಹತ್ತಿರ ನೆಡುವವರಿದ್ದಾರೆ.

ಹೊಂಗೆನೆರಳು (ರಾಲೆ, ನಾರ್ತ್ ಕೆರೊಲಿನಾ, ಅಮೆರಿಕ)

ಇಂಗ್ಲೆಂಡಿನ ಮಟ್ಟಿಗೆ ನೀರಗಂಟಿಯವರ ಸಲಹೆ ಸರಿ. ಆದರೆ ಅಮೆರಿಕದ ಆಗ್ನೇಯ ಭಾಗದಲ್ಲಿರುವ ಕನ್ನಡಿಗರು ಅದನ್ನು ಹಾಗೆಯೇ ಪಾಲಿಸಬಾರದೆಂದು ಹೇಳಬೇಕಾಗಿದೆ. ನಮ್ಮಲ್ಲಿ ಬೇಸಿಗೆಯ ಶಾಖಕ್ಕೆ ಕೊರತೆಯೇ ಇಲ್ಲ. ಸಸಾಂಕ್ವಾ ಜಪೋನಿಕಾಕ್ಕಿಂತ ಹೆಚ್ಚು ಬಿಸಿಲು ತಡೆಯುತ್ತದೆ ಎಂಬುದು ನಿಜವಾದರೂ ಪಶ್ಚಿಮದ ಗೋಡೆಯ ಬುಡದಲ್ಲಿ ನಟ್ಟಮಧ್ಯಾಹ್ನದ ಬಿಸಿಲಿಗೆ ಎಲೆಗಳು ಸುಟ್ಟಂತಾಗುತ್ತವೆ. ಎತ್ತರವಾದ ಪೈನ್ ಮರಗಳ ಚೆದುರಿದ ನೆರಳು ಇಲ್ಲಿ ಉತ್ತಮ. ನೆಡುವ ಕಾಲವೂ ಬೇರೆ. ಇಂಗ್ಲೆಂಡಿನಲ್ಲಿ ಎಳೆಯ ಸಸಾಂಕ್ವಾ ಮೊದಲ ಚಳಿಗಾಲಕ್ಕೆ ಮುನ್ನ ಬೇರೂರಲೆಂದು ಏಪ್ರಿಲಿನಲ್ಲಿ ನೆಡುವುದು ಒಳ್ಳೆಯದಾದರೆ, ನಮ್ಮಲ್ಲಿ ಮೊದಲ ಬೇಸಿಗೆಗೆ ಮುನ್ನ ಬೇರೂರಲೆಂದು ಶರತ್ಕಾಲದಲ್ಲಿ ನೆಡುತ್ತೇವೆ.

ಇನ್ನು ಉತ್ತರಕ್ಕಿರುವ ಓದುಗರಿಗಾಗಿ ಚಳಿಯ ಬಗ್ಗೆ ಒಂದು ಮಾತು. ಸಾಮಾನ್ಯ ಸಸಾಂಕ್ವಾ, ಚಳಿಗಾಲದ ಕನಿಷ್ಠ ಉಷ್ಣತೆಯ ಪ್ರಕಾರ ಅಮೆರಿಕದ ಕೃಷಿ ಇಲಾಖೆ ಮಾಡಿರುವ ನಕ್ಷೆಯ 7ನೆಯ ವಲಯದವರೆಗೆ ತಾಳಿಕೊಳ್ಳುತ್ತದೆ (ಅಂಕಿ ಕಡಿಮೆಯಾದಷ್ಟೂ ಚಳಿ ಹೆಚ್ಚು). 1970ರ ದಶಕದ ಕೊನೆಯ ಕಠೋರ ಚಳಿಗಾಲಗಳಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದ ಕ್ಯಾಮೆಲಿಯಾ ಸಂಗ್ರಹದ ಬಹುಪಾಲು ಸತ್ತುಹೋಯಿತು. ಬದುಕುಳಿದ ಕೆಲವೇ ಗಿಡಗಳಲ್ಲಿ ಓಲಿಫೆರಾ ಜಾತಿಯವು ಇದ್ದುದನ್ನು ಗಮನಿಸಿದ ಅಲ್ಲಿನ ತಳಿವಿಜ್ಞಾನಿ ವಿಲಿಯಂ ಆ್ಯಕರ್‌ಮನ್ ಅವರು, ಅದನ್ನು ಸಸಾಂಕ್ವಾ ಮತ್ತು ಅದರ ಹತ್ತಿರದ ಬಂಧುವಾದ ಹೈಮಾಲಿಸ್ ಗಿಡಗಳೊಡನೆ ಸಂಕರಗೊಳಿಸಿ ವಿಂಟರ್ಸ್ ಸ್ಟಾರ್, ಸ್ನೋ ಫ್ಲರಿ, ಪೋಲಾರ್ ಐಸ್ ಮುಂತಾದ ತಳಿಗಳನ್ನು ಕೊಟ್ಟರು. ಓಲಿಫೆರಾ ಎಂದರೆ ಚೀನಾದಲ್ಲಿ ಬೀಜದಿಂದ ಅಡುಗೆ ಎಣ್ಣೆ ತೆಗೆಯುವ ಜಾತಿ. ಈ ಸಂಕರ ತಳಿಗಳಿಂದಾಗಿಯೇ 6ನೆಯ ವಲಯದಲ್ಲಿಯೂ ನವೆಂಬರಿನ ಕ್ಯಾಮೆಲಿಯಾ ಇಂದು ಸಾಧ್ಯವಾಗಿದೆ. ಸಂಗ್ರಹದ ಬಹುಪಾಲು ನಾಶವಾದಾಗ ಕೈಚೆಲ್ಲದೆ, ಉಳಿದದ್ದು ಯಾವುದು, ಏಕೆ ಎಂದು ಕೇಳಿದ ಆ ವಿಜ್ಞಾನಿಯ ಬಗ್ಗೆ ನನಗೆ ಅಪಾರ ಗೌರವವಿದೆ.

ಸಂಪಿಗೆಮರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಕುಂಡವೇ ಸರಿ ಎಂದು ನಿರ್ಧರಿಸಿದ್ದೇನೆ. ಅಕ್ಟೋಬರಿನಿಂದ ಜನವರಿಯ ಮಧ್ಯದವರೆಗೆ ಒಂದೇ ಗಿಡ ಹೂ ಕೊಡಬಲ್ಲದೇ? ಗೊಬ್ಬರ ಯಾವಾಗ ಹಾಕಬೇಕು? ಕುದಿಸಿದ ಚಹಾಪುಡಿಯ ಚರಟವನ್ನೂ ಕಾಫಿಯ ಚರಟವನ್ನೂ ಬುಡಕ್ಕೆ ಹಾಕಿದರೆ ಮಣ್ಣು ಆಮ್ಲೀಯವಾಗುತ್ತದೆಯೆಂದು ಬಂಧುಗಳೊಬ್ಬರು ಹೇಳಿದರು. ಅದು ನಿಜವೇ?

ನೀರಗಂಟಿ

ಒಂದೇ ಗಿಡದಿಂದ ಅಷ್ಟು ಉದ್ದದ ಅವಧಿಯನ್ನು ನಿರೀಕ್ಷಿಸಬೇಡಿ. ಇಲ್ಲಿ ಸಸಾಂಕ್ವಾ ತಳಿಗಳ ಮುಖ್ಯ ಕಾಲ ಅಕ್ಟೋಬರಿನಿಂದ ಡಿಸೆಂಬರ್. ಬಿಳಿಯ ದಳಗಳ ಅಂಚಿಗೆ ನಸುಗೆಂಪು ಬಳಿದಂತಿರುವ, ಸುವಾಸನೆಯ ನಾರುಮಿಗಾಟ, ಇಲ್ಲವೇ ಗುಲಾಬಿ ಬಣ್ಣದ ಹ್ಯೂ ಇವಾನ್ಸ್, ಇಲ್ಲವೇ ಕೆಂಪಿನ ಕ್ರಿಮ್ಸನ್ ಕಿಂಗ್, ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ನಾರುಮಿಗಾಟ. ಒಂಟಿ ಸುತ್ತಿನ ಹೂಗಳು ಮಳೆಯಲ್ಲಿ ಬೇಗ ಕೊಳೆಯುವುದಿಲ್ಲ, ಮುದ್ದೆಯಾಗಿ ಕೊಂಬೆಗೆ ಅಂಟಿಕೊಳ್ಳದೆ ದಳದಳವಾಗಿ ಉದುರುತ್ತವೆ.

ಸಂಕ್ರಾಂತಿಯವರೆಗೆ ಹೂ ಬೇಕೆಂದರೆ ಇನ್ನೊಂದು ಗಿಡ ಜೊತೆಗಿರಲಿ. ಕಾರ್ನ್‌ವಾಲಿನ ಕೇರ್‌ಹೇಸ್ ಕೋಟೆಯಲ್ಲಿ ಜೆ. ಸಿ. ವಿಲಿಯಮ್ಸ್ ಅವರು, ಚೀನಾದ ಯುನ್ನಾನಿನಿಂದ ಜಾರ್ಜ್ ಫಾರೆಸ್ಟ್ ತಂದ ಸಾಲ್ವೆನೆನ್ಸಿಸ್ ಜಾತಿಯನ್ನು ಜಪೋನಿಕಾದೊಡನೆ ಸಂಕರಗೊಳಿಸಿದರು. ಅವರ ಹೆಸರಿನಲ್ಲಿಯೇ ವಿಲಿಯಮ್ಸಿಯೈ ಎನ್ನಿಸಿಕೊಂಡ ಈ ಗುಂಪಿನ ಗಿಡಗಳಿಗೆ ಇಲ್ಲಿನ ತಣ್ಣನೆಯ ಬೇಸಿಗೆಯಲ್ಲಿಯೂ ಮೊಗ್ಗು ಕಟ್ಟುವ ಗುಣವಿದೆ, ಬ್ರಿಟಿಷ್ ತೋಟಗಳಲ್ಲಿ ಅವು ಇಷ್ಟು ನೆಲೆಗೊಂಡಿರುವುದೂ ಅದರಿಂದಲೇ. ಅದರಲ್ಲಿ ನವೆಂಬರ್ ಪಿಂಕ್ ಎಂಬುದು ಬೇಗ ಆರಂಭಿಸಿ ದೀರ್ಘಕಾಲ ಅರಳುವ ತಳಿ. ಜಪೋನಿಕಾಗಳಲ್ಲಿ ಬಿಳಿಯ ನೊಬಿಲಿಸಿಮಾ ಎಲ್ಲಕ್ಕಿಂತ ಮುಂಚಿನವುಗಳಲ್ಲಿ ಒಂದು, ಆಸರೆಯ ಜಾಗದಲ್ಲಿ ಕ್ರಿಸ್‌ಮಸ್ ಹೊತ್ತಿಗೇ ಅರಳಬಲ್ಲದು. ಇವೆರಡಕ್ಕೂ ಆ ಬಿಸಿ ಗೋಡೆಯ ಅಗತ್ಯವಿಲ್ಲ, ಮರೆಯಿರುವ ಅರೆನೆರಳು ಸಾಕು.

ಪೂಜೆಗೆಂದು ಕೇಳಿದ್ದರಿಂದ ಒಂದು ಮಾತು. ಸಸಾಂಕ್ವಾ ಹೂವನ್ನು ಪೂರ್ತಿ ಅರಳಿದ ಮೇಲೆ ಕಿತ್ತರೆ ಕೈಯಲ್ಲಿಯೇ ದಳಗಳು ಉದುರುತ್ತವೆ. ಅರೆಬಿರಿದ ಮೊಗ್ಗನ್ನು ಬೆಳಿಗ್ಗೆ ಕಿತ್ತು, ಅಗಲವಾದ ಬಟ್ಟಲಿನ ನೀರಿನಲ್ಲಿ ತೇಲಿಬಿಡುವುದು ಉತ್ತಮ. ಹಾರ ಕಟ್ಟಲು ಈ ಹೂ ಒದಗುವುದಿಲ್ಲ.

ಗೊಬ್ಬರ ಏಪ್ರಿಲಿನಿಂದ ಜುಲೈ ಕೊನೆಯವರೆಗೆ ಮಾತ್ರ, ಅದೂ ಆಮ್ಲಪ್ರಿಯ ಗಿಡಗಳ ಗೊಬ್ಬರ, ಮಿತವಾಗಿ. ಆಮೇಲೆ ಹಾಕಿದರೆ ಎಳೆಯ ಚಿಗುರು ಬಂದು ಹಿಮಕ್ಕೆ ಸಿಕ್ಕುತ್ತದೆ, ಮೊಗ್ಗೂ ಉದುರಬಹುದು. ಚಹಾ, ಕಾಫಿಯ ಚರಟದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಕಾಫಿಯ ಆಮ್ಲದ ಬಹುಭಾಗ ಡಿಕಾಕ್ಷನ್ನಿನಲ್ಲಿಯೇ ಇಳಿದುಹೋಗಿರುತ್ತದೆ. ಚರಟವನ್ನು ಕಾಂಪೋಸ್ಟಿಗೆ ಹಾಕಿ ಕೊಳೆಸಿ ಬಳಸಬಹುದು, ಆದರೆ ಮಣ್ಣಿನ ರಸಸಾರ ಇಳಿಸಲು ಅದನ್ನು ನಂಬಬೇಡಿ. ಕುಂಡದ ಮೇಲೆ ದಪ್ಪವಾಗಿ ಹರಡಿದರೆ ಹೆಪ್ಪುಗಟ್ಟಿ ನೀರು ಇಳಿಯದಂತೆ ತಡೆಯುತ್ತದೆ.

ಏಲಕ್ಕಿತೋಟ (ಮಡಿಕೇರಿ)

ಈ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಚಹಾ ಗಿಡವೂ ಕ್ಯಾಮೆಲಿಯಾ ಕುಲಕ್ಕೇ ಸೇರಿದ್ದು, ಅದರ ಸಸ್ಯಶಾಸ್ತ್ರೀಯ ಹೆಸರು ಕ್ಯಾಮೆಲಿಯಾ ಸೈನೆನ್ಸಿಸ್ ಎಂಬುದನ್ನು ಇಲ್ಲಿ ಯಾರೂ ಹೇಳಲಿಲ್ಲವಾದ್ದರಿಂದ ನೆನಪಿಸುತ್ತಿದ್ದೇನೆ. ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಚಹಾ ತೋಟಗಳಿರುವುದು ಎಲ್ಲರಿಗೂ ತಿಳಿದದ್ದೇ. ಎಲೆಗಾಗಿ ಸದಾ ಚಿಗುರು ಕೀಳುವ ಗಿಡದಲ್ಲಿ ಹೂ ಕಾಣುವುದು ಕಡಿಮೆ. ಕೀಳದೆ ಬಿಟ್ಟ ಗಿಡದಲ್ಲಿ ಮಾತ್ರ ಮಳೆಗಾಲ ಕಳೆದ ಮೇಲೆ ಹಳದಿ ಕೇಸರದ ಸಣ್ಣ ಬಿಳಿ ಹೂಗಳು ತಲೆ ಬಾಗಿಸಿ ಅರಳುತ್ತವೆ. ಒಂಟಿ ಸುತ್ತಿನ ಬಿಳಿ ಸಸಾಂಕ್ವಾದ ಚಿತ್ರ ನೋಡಿದರೆ ಇವು ಒಂದೇ ಮನೆತನದವು ಎಂಬುದು ಕೂಡಲೇ ತಿಳಿಯುತ್ತದೆ. ನಮ್ಮ ಬೆಟ್ಟದ ಮೇಲೆ ಸಸಾಂಕ್ವಾ ಬೆಳೆಯಬಹುದೇ? ಬೆಂಗಳೂರಿನಲ್ಲಿರುವ ನನ್ನ ತಂಗಿಯೂ ಕೇಳುತ್ತಿದ್ದಾಳೆ.

ಹೊಂಗೆನೆರಳು

ಚಹಾ ಹುಲುಸಾಗಿ ಬೆಳೆಯುವ ಮಣ್ಣು ಎಂದರೆ ರಸಸಾರ 5ರ ಆಸುಪಾಸಿನ, ನೀರು ನಿಲ್ಲದ ಇಳಿಜಾರಿನ ಮಣ್ಣು. ಸಸಾಂಕ್ವಾ ಕೇಳುವುದೂ ಅದನ್ನೇ. ಅದಕ್ಕೆ ನಿಮ್ಮ ಬೆಟ್ಟದ ಮಣ್ಣು ಈ ಚರ್ಚೆಯಲ್ಲಿರುವ ಎಷ್ಟೋ ಜನರ ಮಣ್ಣಿಗಿಂತ ಮೇಲು. ಮುಂಗಾರಿನ ಮಳೆಯಲ್ಲಿ ಬುಡದಲ್ಲಿ ನೀರು ನಿಲ್ಲದಂತೆ, ನೆಲಮಟ್ಟಕ್ಕಿಂತ ತುಸು ಎತ್ತರದ ದಿಬ್ಬದಲ್ಲಿ ನೆಡಬೇಕು. ಬೇರು ಕೊಳೆಯಿಸುವ, ಶಿಲೀಂಧ್ರದಂಥ ಫೈಟಾಪ್ತೊರಾ ಜೀವಿಗೆ ಸಸಾಂಕ್ವಾ ಜಪೋನಿಕಾಕ್ಕಿಂತ ಹೆಚ್ಚು ನಿರೋಧವುಳ್ಳದ್ದು. ಜಪೋನಿಕಾ ತಳಿಗಳನ್ನು ಸಸಾಂಕ್ವಾದ ಬೇರಿನ ಮೇಲೆ ಕಸಿ ಮಾಡುವುದು ಅದಕ್ಕೇ.

ಬೆಂಗಳೂರಿನ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಕೊಳವೆಬಾವಿಯ ಗಡಸು ನೀರು ಮೊದಲ ಶತ್ರು. ತಂಗಿಯವರು ಮಳೆನೀರು ಸಂಗ್ರಹಿಸುವವರಾದರೆ ಕುಂಡದಲ್ಲಿ, ಮಧ್ಯಾಹ್ನದ ಬಿಸಿಲು ತಾಗದ ಕಡೆ ಪ್ರಯತ್ನಿಸಬಹುದು. ಮೊಗ್ಗು ಕಟ್ಟಲು ಶಾಖ ಸಾಕಷ್ಟಿದ್ದರೂ ಮೊಗ್ಗು ಚೆನ್ನಾಗಿ ಬಿರಿಯಲು ತಂಪಿನ ವಾರಗಳು ಬೇಕು, ಅವು ಅಲ್ಲಿ ಕಡಿಮೆ.

ಪಡುವಣತೀರ (ಸಿಡ್ನಿ, ಆಸ್ಟ್ರೇಲಿಯಾ)

ನಮ್ಮಲ್ಲಿ ಋತುಗಳು ತಿರುಗುಮುರುಗು. ಸಸಾಂಕ್ವಾ ಮಾರ್ಚ್ ಕೊನೆಯಿಂದ ಜೂನ್‌ವರೆಗೆ ಅರಳುತ್ತದೆ. ಸಿಡ್ನಿಯ ಬಡಾವಣೆಗಳಲ್ಲಿ ಅದನ್ನು ಬೇಲಿಯಾಗಿ ಸಾಲುಸಾಲು ಬೆಳೆಸುವ ರೂಢಿಯಿದೆ. ಗಿಡವನ್ನು ಸವರುವ ಕಾಲದ ಬಗ್ಗೆ ಯಾರೂ ಬರೆಯದ ಕಾರಣ ಸೇರಿಸುತ್ತಿದ್ದೇನೆ.

ಹೂ ಮುಗಿದ ಮೇಲೆ, ಹೊಸ ಚಿಗುರು ಹೊರಡುವ ಮುನ್ನ ಸವರಬೇಕು. ಇಂಗ್ಲೆಂಡಿನವರಿಗೆ ಇದು ಫೆಬ್ರವರಿ ಕೊನೆಯಿಂದ ಏಪ್ರಿಲ್ ಆರಂಭದ ಹೊತ್ತಾಗಬಹುದು. ಬೇಸಿಗೆಯ ನಡುವೆ ಬೇಲಿಯನ್ನು ಚೊಕ್ಕಟಗೊಳಿಸುವ ಅಭ್ಯಾಸವಿರುವವರು ಮುಂದಿನ ಚಳಿಗಾಲದ ಮೊಗ್ಗುಗಳನ್ನೇ ಕತ್ತರಿಸಿ ಎಸೆಯುತ್ತಾರೆ. ಸವರುವಾಗ ಮೇಲ್ಮೈಯನ್ನು ಮಾತ್ರ ಬೋಳಿಸದೆ, ಒಳಗಿನ ಒತ್ತಾದ ಸಣ್ಣ ಕಡ್ಡಿಗಳನ್ನು ತೆಗೆದು ಗಾಳಿ ಬೆಳಕು ಆಡುವಂತೆ ಮಾಡಿದರೆ ಎಲೆಗೆ ಅಂಟಿ ರಸ ಹೀರುವ ಶಲ್ಕ ಕೀಟದ ಕಾಟ ಕಡಿಮೆಯಾಗುತ್ತದೆ.

ಸಂಪಿಗೆಮರ

ಕೀಟದ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ನಮ್ಮ ಹಳೆಯ ಜಪೋನಿಕಾದ ಹೂಗಳು ಕಳೆದ ವಸಂತದಲ್ಲಿ ಕಂದು ಬಣ್ಣಕ್ಕೆ ತಿರುಗಿದವು. ಎಲೆಗಳ ಮೇಲೆ ಕಪ್ಪು ಮಸಿಯಂಥ ಪದರವೂ ಇದೆ. ಹೊಸ ಗಿಡಕ್ಕೆ ಇದು ಹರಡುವುದೇ?

ನೀರಗಂಟಿ

ಇವು ಎರಡು ಬೇರೆ ವಿಷಯಗಳು. ಕಪ್ಪು ಮಸಿ ರೋಗವಲ್ಲ, ಎಲೆಯ ಅಡಿಯಲ್ಲಿ ಕುಳಿತು ರಸ ಹೀರುವ ಶಲ್ಕ ಕೀಟಗಳು ಸುರಿಸುವ ಅಂಟಿನ ಮೇಲೆ ಬೆಳೆಯುವ ಬೂಷ್ಟು. ಎಲೆಗಳನ್ನು ಮಗುಚಿ ನೋಡಿ, ಬಿಳಿಯ ಮೇಣದಂಥ ಮೊಟ್ಟೆಯ ಪಟ್ಟಿಗಳು ಕಂಡರೆ ಅದೇ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದು ಸಣ್ಣ ಗಿಡಕ್ಕೆ ಸಾಕು, ಹೆಚ್ಚಿದ್ದರೆ ತೋಟಗಾರಿಕೆಯ ಎಣ್ಣೆಯನ್ನು ಎಲೆಯ ಅಡಿಭಾಗಕ್ಕೆ ತಲುಪುವಂತೆ ಸಿಂಪಡಿಸಬೇಕು. ಹೊಸ ಗಿಡ ತರುವ ಮೊದಲೇ ಇದನ್ನು ಮುಗಿಸಿ.

ಹೂ ಕಂದುವುದಕ್ಕೆ ಹಿಮವೂ ಕಾರಣವಾಗಬಹುದು, ದಳ ಕೊಳೆರೋಗವೂ ಆಗಬಹುದು. ಹಿಮ ಹೊಡೆದರೆ ಸಾಮಾನ್ಯವಾಗಿ ದಳದ ತುದಿ ಅಂಚುಗಳು ಕಂದುತ್ತವೆ. ಕೊಳೆರೋಗದಲ್ಲಿ ಸಣ್ಣ ಕಂದು ಚುಕ್ಕೆ ದಳದ ಮೇಲೆ ಹರಡಿ, ಕೆಲವೇ ದಿನಗಳಲ್ಲಿ ಇಡೀ ಹೂ ಕಂದಾಗಿ ಬೀಳುತ್ತದೆ. ಬಿದ್ದ ಹೂವಿನ ತೊಟ್ಟಿನ ಭಾಗವನ್ನು ಕಿತ್ತು ನೋಡಿದರೆ ದಳಗಳ ಬುಡದಲ್ಲಿ ಬಿಳಿ ಅಥವಾ ಬೂದು ಬಣ್ಣದ ಶಿಲೀಂಧ್ರದ ಉಂಗುರ ಕಾಣುತ್ತದೆ. ಈ ರೋಗವನ್ನು ಮೊದಲು ಜಪಾನಿನಲ್ಲಿ 1919ರಲ್ಲಿ ವಿವರಿಸಲಾಯಿತು, ಬ್ರಿಟನ್ನಿನಲ್ಲಿ 1999ರಲ್ಲಿ ಕಾಣಿಸಿಕೊಂಡಿತು. ನೆಲಕ್ಕೆ ಬಿದ್ದ ಹೂಗಳಲ್ಲಿ ಶಿಲೀಂಧ್ರ ಕಪ್ಪು ಗಂಟಾಗಿ ಉಳಿದು, ಚಳಿಗಾಲದ ಕೊನೆ ಮತ್ತು ವಸಂತದಲ್ಲಿ ಅಣಬೆಯಂಥ ಸಣ್ಣ ಬಟ್ಟಲುಗಳನ್ನು ಹೊರಡಿಸಿ ಬೀಜಕಣಗಳನ್ನು ಗಾಳಿಗೆ ಬಿಡುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಅರಳುವ ಸಸಾಂಕ್ವಾ ಆ ಹೊತ್ತಿಗೆ ಬಹುಮಟ್ಟಿಗೆ ಹೂ ಮುಗಿಸಿರುವುದರಿಂದ ಪಾರಾಗುತ್ತದೆ. ಚಳಿಗಾಲದ ಜಾತಿಯನ್ನು ಆರಿಸಲು ಇದೂ ಒಂದು ಬಲವಾದ ಕಾರಣ. ಹಳೆಯ ಗಿಡದ ಬಿದ್ದ ಹೂಗಳನ್ನು ಪ್ರತಿದಿನ ಆರಿಸಿ ಕಸದ ಡಬ್ಬಿಗೆ ಹಾಕಿ, ಕಾಂಪೋಸ್ಟಿಗೆ ಹಾಕಬೇಡಿ. ಕುಂಡದ ಮೇಲ್ಮಣ್ಣನ್ನೂ ಬದಲಿಸಿ.

ಹೊಂಗೆನೆರಳು

ಸಸಾಂಕ್ವಾಕ್ಕೆ ಬರುವ ಒಂದು ತೊಂದರೆಯನ್ನೂ ತಿಳಿದಿರಿ. ತೇವದ ವಸಂತದಲ್ಲಿ ಕೆಲವು ಹೊಸ ಎಲೆಗಳು ನಸುಗೆಂಪಾಗಿ, ದಪ್ಪವಾಗಿ ಊದಿಕೊಳ್ಳುತ್ತವೆ. ಇದು ಎಕ್ಸೊಬೆಸಿಡಿಯಂ ಎಂಬ ಶಿಲೀಂಧ್ರದ ಕೆಲಸ. ನೋಡಲು ಗಾಬರಿಯಾದರೂ ಗಿಡಕ್ಕೆ ಅಪಾಯವಿಲ್ಲ. ಎಲೆಯ ಅಡಿಭಾಗ ಬೆಳ್ಳಗಾಗಿ ಬೀಜಕಣ ಹರಡುವ ಮೊದಲೇ ಕಿತ್ತು ದೂರ ಹಾಕಿದರೆ ಸಾಕು.

ಸಂಪಿಗೆಮರ

ಹಾಗಾದರೆ ಪಶ್ಚಿಮದ ಗೋಡೆಗೆ ನಾರುಮಿಗಾಟ, ಮುಂಬಾಗಿಲ ಪಕ್ಕದ ಅರೆನೆರಳಿಗೆ ನವೆಂಬರ್ ಪಿಂಕ್ ಎಂದು ತೀರ್ಮಾನಿಸಿದ್ದೇನೆ. ಏಪ್ರಿಲಿನಲ್ಲಿ ತರುತ್ತೇನೆ. ಕುಂಡ ಎಷ್ಟು ದೊಡ್ಡದಿರಬೇಕು, ನೆಡುವಾಗ ವಿಶೇಷವಾಗಿ ಗಮನಿಸಬೇಕಾದದ್ದು ಏನು ಎಂಬುದೊಂದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ನೀರಗಂಟಿ

ಮೊದಲೇ ತೀರ ದೊಡ್ಡ ಕುಂಡ ಬೇಡ. ಬೇರಿನ ಮುದ್ದೆಗಿಂತ ಸುತ್ತಲೂ ಐದಾರು ಸೆಂಟಿಮೀಟರ್ ಹೆಚ್ಚಿರುವ ಕುಂಡದಲ್ಲಿ ಆರಂಭಿಸಿ, ಎರಡು ಮೂರು ವರ್ಷಕ್ಕೊಮ್ಮೆ ಹಿಗ್ಗಿಸುತ್ತ ಹೋಗಿ. ಬೇರು ತುಂಬದ ದೊಡ್ಡ ಕುಂಡದಲ್ಲಿ ಮಣ್ಣು ಜವುಗಾಗಿ ಉಳಿಯುತ್ತದೆ. ಅಂಗಡಿಯಿಂದ ತಂದ ಗಿಡವನ್ನು ನೆಡುವ ಮುನ್ನ, ಬಕೆಟಿನಲ್ಲಿ ಮಳೆನೀರು ತುಂಬಿ ಗುಳ್ಳೆ ಏಳುವುದು ನಿಲ್ಲುವವರೆಗೆ ಬೇರಿನ ಮುದ್ದೆಯನ್ನು ಮುಳುಗಿಸಿಡಿ. ಒಣಗಿದ ಮುದ್ದೆಯನ್ನು ಹಾಗೆಯೇ ನೆಟ್ಟರೆ ಮೇಲೆ ಎಷ್ಟು ನೀರು ಹಾಕಿದರೂ ಒಳಗೆ ಇಳಿಯದು. ಸುರುಳಿ ಸುತ್ತಿದ ಬೇರುಗಳನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ. ಗಿಡವನ್ನು ಮೊದಲಿದ್ದ ಆಳಕ್ಕಿಂತ ಕೆಳಗೆ ಇಳಿಸಬಾರದು, ಮುದ್ದೆಯ ಮೇಲ್ಭಾಗ ಮಣ್ಣಿನ ಮಟ್ಟಕ್ಕೆ ಸಮನಾಗಿ ಅಥವಾ ಕೂದಲೆಳೆಯಷ್ಟು ಮೇಲೆಯೇ ಇರಲಿ. ಕುಂಡವನ್ನು ಇಟ್ಟಿಗೆಯ ತುಂಡುಗಳ ಮೇಲೆ ಎತ್ತರಿಸಿ ಇಟ್ಟರೆ ನೀರು ಬಸಿಯುತ್ತದೆ. ತೀವ್ರ ಹಿಮದ ಮುನ್ಸೂಚನೆಯಿದ್ದಾಗ ಕುಂಡದ ಸುತ್ತ ಗೋಣಿತಾಟು ಸುತ್ತಿ. ಚಳಿಗೆ ಮೊದಲು ಬಳಲುವುದು ಕುಂಡದೊಳಗಿನ ಬೇರು, ಮೇಲಿನ ಎಲೆಯಲ್ಲ.